ಮೂರು ವರದಿ, ಎರಡು ತಕ್ಕಡಿ: ಇಂಗ್ಲೆಂಡಿನ ಸೆಕೆಂಡರಿ ಶಾಲೆಯ ತಪಾಸಣಾ ವರದಿಯನ್ನು ಓದುವ ಬಗೆ

ಪ್ರಶ್ನೆ: ನಾವು ಇಂಗ್ಲೆಂಡಿಗೆ ಬಂದು ಒಂದೂವರೆ ವರ್ಷವಾಯಿತು. ಮಗಳು ಐದನೇ ವರ್ಷದ ತರಗತಿಯಲ್ಲಿದ್ದಾಳೆ, ಬರುವ ಅಕ್ಟೋಬರ್‌ನಲ್ಲಿ ಸೆಕೆಂಡರಿ ಶಾಲೆಗೆ ಅರ್ಜಿ ಹಾಕಬೇಕು. ಮನೆಗೆ ಹತ್ತಿರವಿರುವ ಮೂರು ಸರ್ಕಾರಿ ಅನುದಾನದ ಶಾಲೆಗಳ ಬಗ್ಗೆ ಶಾಲಾ ಪರಿವೀಕ್ಷಣಾ ಸಂಸ್ಥೆಯಾದ ಆಫ್‌ಸ್ಟೆಡ್ ಕೊಟ್ಟ ವರದಿಗಳನ್ನು ಓದಿದೆವು. ಮೊದಲ ಶಾಲೆಯದು 2022ರ ವರದಿ, ಒಟ್ಟಾರೆ ‘ಔಟ್‌ಸ್ಟ್ಯಾಂಡಿಂಗ್’ ಎಂದಿದೆ. ಎರಡನೆಯದು 2025ರ ಫೆಬ್ರವರಿಯದು. ನಾಲ್ಕು ಶೀರ್ಷಿಕೆಗಳ ಎದುರು ‘ಗುಡ್’ ಎಂದಿದೆ, ಒಟ್ಟಾರೆ ದರ್ಜೆಯೇ ಇಲ್ಲ. ಮೂರನೆಯದು 2026ರ ಜನವರಿಯದು. ಬಹುತೇಕ ಕಡೆ ‘ಎಕ್ಸ್‌ಪೆಕ್ಟೆಡ್ ಸ್ಟ್ಯಾಂಡರ್ಡ್’, ಒಂದು ಕಡೆ ‘ಸ್ಟ್ರಾಂಗ್’, ‘ಇನ್‌ಕ್ಲೂಷನ್’ ಎಂಬಲ್ಲಿ ‘ನೀಡ್ಸ್ ಅಟೆನ್ಷನ್’ ಎಂದಿದೆ. ಮೂರನೆಯ ಶಾಲೆ ಉಳಿದೆರಡಕ್ಕಿಂತ ಕಳಪೆ ಎಂದು ತಿಳಿಯಬೇಕೇ? ಈ ದರ್ಜೆಗಳನ್ನು ಯಾರು, ಯಾವ ಆಧಾರದ ಮೇಲೆ ಕೊಡುತ್ತಾರೆ?

ಉತ್ತರ: ನಿಮ್ಮ ಮುಂದಿರುವ ವರದಿಗಳು ಮೂರಾದರೂ ಅವನ್ನು ತೂಗಿರುವುದು ಎರಡು ತಕ್ಕಡಿಗಳಲ್ಲಿ. ಮೊದಲ ಎರಡನ್ನು ಒಂದೇ ತಕ್ಕಡಿಯಲ್ಲಿ ತೂಗಲಾಗಿದೆ, ಆದ್ದರಿಂದ ಅವುಗಳನ್ನು ಸಾಲು ಸಾಲಾಗಿ ಹೋಲಿಸಬಹುದು. ಮೂರನೆಯದರ ತಕ್ಕಡಿಯೂ ಬೇರೆ, ತೂಕದ ಬಟ್ಟುಗಳೂ ಬೇರೆ. ‘ಎಕ್ಸ್‌ಪೆಕ್ಟೆಡ್ ಸ್ಟ್ಯಾಂಡರ್ಡ್’ ಎಂದರೆ ಹಳೆಯ ‘ಗುಡ್’ಗೆ ಸಮವೇ, ಕೆಳಗೇ, ಮೇಲೇ ಎಂಬ ಪ್ರಶ್ನೆಗೆ ಉತ್ತರವಿಲ್ಲ, ಒಂದನ್ನು ಇನ್ನೊಂದಕ್ಕೆ ಪರಿವರ್ತಿಸುವ ಕೋಷ್ಟಕವನ್ನು ಆಫ್‌ಸ್ಟೆಡ್ ಸಿದ್ಧಪಡಿಸಿಯೇ ಇಲ್ಲ. ಹಾಗಾಗಿ ಮೂರನೆಯ ಶಾಲೆ ಕಳಪೆ ಎಂಬ ತೀರ್ಮಾನಕ್ಕೆ ಈ ಕಾಗದಗಳಲ್ಲಿ ಆಧಾರವಿಲ್ಲ. ಅದಕ್ಕಿಂತ ಹೆಚ್ಚಾಗಿ, ಶಾಲೆ ಇಂದು ಹೇಗಿದೆ ಎಂಬುದನ್ನು ಮೂರರಲ್ಲಿ ಹೆಚ್ಚು ಬಿಡಿಸಿ ಹೇಳುತ್ತಿರುವ ವರದಿ ಅದೇ ಎಂಬುದು ನನ್ನ ಅಭಿಪ್ರಾಯ.

ಇಂಗ್ಲೆಂಡಿನಲ್ಲಿ ಶಾಲೆಗಳನ್ನು ಸರ್ಕಾರದ ಪರವಾಗಿ ಪರಿವೀಕ್ಷಿಸುವ ಪದ್ಧತಿ 1839ರಷ್ಟು ಹಳೆಯದು. ಆಗ ನೇಮಕಗೊಂಡವರು ಇಬ್ಬರೇ ಪರಿವೀಕ್ಷಕರು. ಇಂದಿನ ಆಫ್‌ಸ್ಟೆಡ್ ಹುಟ್ಟಿದ್ದು 1992ರ ಕಾಯ್ದೆಯಿಂದ. ಅದು ಶಿಕ್ಷಣ ಇಲಾಖೆಯ ಅಂಗವಲ್ಲ, ಸಂಸತ್ತಿಗೆ ವರದಿ ಒಪ್ಪಿಸುವ ಪ್ರತ್ಯೇಕ ಸಂಸ್ಥೆ. ಅದರ ಅಧಿಕಾರ ಇಂಗ್ಲೆಂಡಿಗಷ್ಟೇ ಸೀಮಿತ. ವೇಲ್ಸ್, ಸ್ಕಾಟ್ಲೆಂಡ್, ಉತ್ತರ ಐರ್ಲೆಂಡ್‌ಗಳಿಗೆ ಬೇರೆ ಬೇರೆ ಪರಿವೀಕ್ಷಣಾ ಸಂಸ್ಥೆಗಳಿವೆ, ಹಾಗಾಗಿ ಕಾರ್ಡಿಫ್‌ನಲ್ಲಿರುವ ಗೆಳೆಯರ ಅನುಭವವನ್ನು ನಿಮ್ಮ ಊರಿನ ಶಾಲೆಗೆ ಅನ್ವಯಿಸಿಕೊಳ್ಳಬೇಡಿ. ಖಾಸಗಿ ಶಾಲೆಗಳಲ್ಲಿ ಬಹಳಷ್ಟನ್ನು ಐಎಸ್‌ಐ ಎಂಬ ಇನ್ನೊಂದು ಸಂಸ್ಥೆ ನೋಡಿಕೊಳ್ಳುತ್ತದೆ. ನಿಮ್ಮ ಮೂರೂ ಶಾಲೆಗಳು ಸರ್ಕಾರಿ ಅನುದಾನದವಾದ್ದರಿಂದ ಆ ವಿಚಾರವನ್ನು ಇಲ್ಲಿಗೇ ಬಿಡುತ್ತೇನೆ.

ಹಳೆಯ ತಕ್ಕಡಿ 2019ರ ಸೆಪ್ಟೆಂಬರ್‌ನಿಂದ ಬಳಕೆಗೆ ಬಂದದ್ದು. ಅದರಲ್ಲಿ ಶಿಕ್ಷಣದ ಗುಣಮಟ್ಟ, ವರ್ತನೆ ಮತ್ತು ಮನೋಭಾವ, ವ್ಯಕ್ತಿತ್ವ ವಿಕಾಸ, ನಾಯಕತ್ವ ಮತ್ತು ನಿರ್ವಹಣೆ ಎಂಬ ನಾಲ್ಕು ಶೀರ್ಷಿಕೆಗಳಿದ್ದವು. ಹದಿನಾರು ದಾಟಿದವರಿಗೂ ತರಗತಿ ನಡೆಸುವ ಶಾಲೆಯಾದರೆ ಸಿಕ್ಸ್ತ್ ಫಾರ್ಮ್‌ಗೆ ಇನ್ನೊಂದು ಸಾಲು ಸೇರುತ್ತಿತ್ತು. ಪ್ರತಿ ಶೀರ್ಷಿಕೆಗೂ ಔಟ್‌ಸ್ಟ್ಯಾಂಡಿಂಗ್, ಗುಡ್, ರಿಕ್ವೈರ್ಸ್ ಇಂಪ್ರೂವ್‌ಮೆಂಟ್, ಇನ್‌ಅಡಿಕ್ವೇಟ್ ಎಂಬ ನಾಲ್ಕು ದರ್ಜೆಗಳಲ್ಲಿ ಒಂದನ್ನು ಕೊಟ್ಟು, ಇವೆಲ್ಲದರ ನೆತ್ತಿಯ ಮೇಲೆ ಒಟ್ಟಾರೆ ದರ್ಜೆಯೊಂದನ್ನು ಕೂರಿಸುತ್ತಿದ್ದರು. ಆ ಒಂದು ಪದವೇ ಶಾಲೆಯ ಬೇಲಿಯ ಮೇಲಿನ ಬ್ಯಾನರ್ ಆಗುತ್ತಿತ್ತು, ಮನೆ ಮಾರುವ ಏಜೆಂಟರ ಜಾಹೀರಾತಿನಲ್ಲಿ ಕಾಣಿಸಿಕೊಳ್ಳುತ್ತಿತ್ತು, ಇನ್‌ಅಡಿಕ್ವೇಟ್ ಎಂದಾದರೆ ಮುಖ್ಯೋಪಾಧ್ಯಾಯರ ಕೆಲಸಕ್ಕೇ ಕುತ್ತು ತರುತ್ತಿತ್ತು.

2023ರ ಜನವರಿಯಲ್ಲಿ, ತಮ್ಮ ಶಾಲೆಗೆ ಇನ್‌ಅಡಿಕ್ವೇಟ್ ದರ್ಜೆಯ ವರದಿ ಪ್ರಕಟವಾಗಲಿದ್ದ ಹೊತ್ತಿನಲ್ಲಿ, ರೆಡಿಂಗ್‌ನ ಪ್ರಾಥಮಿಕ ಶಾಲೆಯೊಂದರ ಮುಖ್ಯೋಪಾಧ್ಯಾಯಿನಿ ಪ್ರಾಣ ಕಳೆದುಕೊಂಡರು. ಅದೇ ವರ್ಷದ ಡಿಸೆಂಬರ್‌ನಲ್ಲಿ ಮರಣ ವಿಚಾರಣೆ ನಡೆಸಿದ ಕರೋನರ್, ಆ ಸಾವಿಗೆ ಪರಿವೀಕ್ಷಣೆಯೂ ಕಾರಣವಾಯಿತು ಎಂದು ದಾಖಲಿಸಿದರು. 2024ರ ಸೆಪ್ಟೆಂಬರ್‌ನಲ್ಲಿ ಸರ್ಕಾರಿ ಶಾಲೆಗಳಿಗೆ ಒಟ್ಟಾರೆ ದರ್ಜೆ ಕೊಡುವುದನ್ನು ನಿಲ್ಲಿಸಲಾಯಿತು. ನಾಲ್ಕು ಶೀರ್ಷಿಕೆಗಳೂ ನಾಲ್ಕು ದರ್ಜೆಗಳೂ ಹಾಗೆಯೇ ಮುಂದುವರಿದವು, ಹೋದದ್ದು ನೆತ್ತಿಯ ಪದ ಮಾತ್ರ. ನಿಮ್ಮ ಎರಡನೆಯ ವರದಿ ಈ ನಡುಗಾಲದ್ದು. ಹಾಗಾಗಿ ಮೊದಲ ಶಾಲೆಯ ‘ಔಟ್‌ಸ್ಟ್ಯಾಂಡಿಂಗ್’ ಎಂಬ ದೊಡ್ಡ ಅಕ್ಷರವನ್ನು ಒಂದು ಕ್ಷಣ ಬೆರಳಿನಿಂದ ಮುಚ್ಚಿ, ಅದರ ಕೆಳಗಿನ ನಾಲ್ಕು ಸಾಲುಗಳನ್ನು ಎರಡನೆಯದರ ನಾಲ್ಕು ಸಾಲುಗಳ ಪಕ್ಕದಲ್ಲಿಟ್ಟು ನೋಡಿ. ನ್ಯಾಯವಾದ ಹೋಲಿಕೆ ಅದೊಂದೇ. ಆದರೂ ನಡುವೆ ಸುಮಾರು ಮೂರು ವರ್ಷಗಳ ಅಂತರವಿದೆ ಎಂಬುದನ್ನು ಮರೆಯುವಂತಿಲ್ಲ. 2022ರಲ್ಲಿ ಹನ್ನೊಂದನೇ ವರ್ಷದ ತರಗತಿಯಲ್ಲಿದ್ದ ಮಕ್ಕಳು ಎಂದೋ ಶಾಲೆ ಬಿಟ್ಟಿದ್ದಾರೆ, ಮುಖ್ಯೋಪಾಧ್ಯಾಯರೂ ಬದಲಾಗಿರಬಹುದು.

ಅಂತರದ ಮಾತು ಬಂದದ್ದರಿಂದ ಒಂದು ಹಳೆಯ ಕಥೆಯನ್ನು ಹೇಳಬೇಕು. 2012ರಿಂದ 2020ರವರೆಗೆ ಔಟ್‌ಸ್ಟ್ಯಾಂಡಿಂಗ್ ಪಡೆದ ಶಾಲೆಗಳಿಗೆ ವಾಡಿಕೆಯ ಪರಿವೀಕ್ಷಣೆಯಿಂದ ಕಾನೂನಿನ ವಿನಾಯಿತಿ ಇತ್ತು. ಕೆಲವು ಶಾಲೆಗಳಿಗೆ ಹತ್ತು ವರ್ಷಕ್ಕೂ ಮೇಲ್ಪಟ್ಟು ಯಾರೂ ಕಾಲಿಡಲಿಲ್ಲ, ಬ್ಯಾನರ್ ಮಾತ್ರ ಬಿಸಿಲಿಗೆ ಬಣ್ಣಗೆಡುತ್ತ ಅಲ್ಲೇ ಇತ್ತು. ವಿನಾಯಿತಿ ರದ್ದಾಗಿ 2021–22ರಲ್ಲಿ ಪೂರ್ಣ ಪರಿವೀಕ್ಷಣೆ ಮತ್ತೆ ನಡೆದಾಗ, ಹಾಗೆ ನೋಡಿದ ಶಾಲೆಗಳಲ್ಲಿ ಐದರಲ್ಲಿ ನಾಲ್ಕಕ್ಕೂ ಹೆಚ್ಚು ಆ ದರ್ಜೆಯನ್ನು ಕಳೆದುಕೊಂಡವು. ನಿಮ್ಮ ಮೊದಲ ಶಾಲೆ 2022ರಲ್ಲಿ, ಅಂದರೆ ವಿನಾಯಿತಿ ಹೋದ ಮೇಲೆ, ಆ ದರ್ಜೆ ಪಡೆದಿದೆ ಎಂಬುದು ಅದರ ಪರವಾಗಿ ಹೇಳಬೇಕಾದ ಮಾತು.

ಇನ್ನು ಹೊಸ ತಕ್ಕಡಿ. 2025ರ ನವೆಂಬರ್‌ನಿಂದ ಶಾಲೆಗಳಿಗೆ ಕೊಡುತ್ತಿರುವುದು ‘ರಿಪೋರ್ಟ್ ಕಾರ್ಡ್’. ಇದರಲ್ಲಿ ಇನ್‌ಕ್ಲೂಷನ್ ಅಂದರೆ ಎಲ್ಲರನ್ನೂ ಒಳಗೊಳ್ಳುವಿಕೆ, ಪಠ್ಯಕ್ರಮ ಮತ್ತು ಬೋಧನೆ, ಸಾಧನೆ, ಹಾಜರಾತಿ ಮತ್ತು ವರ್ತನೆ, ವ್ಯಕ್ತಿತ್ವ ವಿಕಾಸ ಮತ್ತು ಕ್ಷೇಮ, ನಾಯಕತ್ವ ಮತ್ತು ಆಡಳಿತ ಎಂದು ಆರು ಕ್ಷೇತ್ರಗಳಿವೆ. ಸಿಕ್ಸ್ತ್ ಫಾರ್ಮ್ ಇದ್ದರೆ ಅದು ಏಳನೆಯದು. ಪ್ರತಿಯೊಂದಕ್ಕೂ ಐದು ದರ್ಜೆಗಳು: ಮೇಲಿನಿಂದ ಎಕ್ಸೆಪ್ಷನಲ್, ಸ್ಟ್ರಾಂಗ್ ಸ್ಟ್ಯಾಂಡರ್ಡ್, ಎಕ್ಸ್‌ಪೆಕ್ಟೆಡ್ ಸ್ಟ್ಯಾಂಡರ್ಡ್, ನೀಡ್ಸ್ ಅಟೆನ್ಷನ್, ಅರ್ಜೆಂಟ್ ಇಂಪ್ರೂವ್‌ಮೆಂಟ್. ಮಕ್ಕಳ ಸುರಕ್ಷತೆಗೆ ದರ್ಜೆಯಿಲ್ಲ. ಅಲ್ಲಿ ‘ಪೂರೈಸಿದೆ’ ಅಥವಾ ‘ಪೂರೈಸಿಲ್ಲ’ ಎಂಬ ಎರಡೇ ಉತ್ತರ. ನಿಮ್ಮ ಮೂರೂ ವರದಿಗಳಲ್ಲಿ ಮೊದಲು ಹುಡುಕಬೇಕಾದದ್ದು ಸುರಕ್ಷತೆಯ ಈ ಸಾಲನ್ನು. ಹಳೆಯ ವರದಿಗಳಲ್ಲಾದರೆ ಸುರಕ್ಷತಾ ವ್ಯವಸ್ಥೆ ‘ಎಫೆಕ್ಟಿವ್’ ಎಂಬ ಒಂದು ವಾಕ್ಯವಾಗಿ ಅದು ಇರುತ್ತದೆ. ಅಲ್ಲಿ ಎಡವಿದ ಶಾಲೆಯ ಉಳಿದ ಅಂಕಗಳನ್ನು ಓದುವ ಅಗತ್ಯ ನನಗಂತೂ ಕಾಣುವುದಿಲ್ಲ.

ಹೊಸ ಪದ್ಧತಿಯಲ್ಲಿ ದರ್ಜೆ ಕೊಡುವ ಬಗೆಯೂ ಬದಲಾಗಿದೆ, ನಿಮ್ಮನ್ನು ಗೊಂದಲಕ್ಕೀಡು ಮಾಡಿರುವುದು ಮುಖ್ಯವಾಗಿ ಇದೇ. ಹಿಂದೆ ಬಹುಮಟ್ಟಿಗೆ ‘ಯಾವ ದರ್ಜೆಯ ವಿವರಣೆ ಈ ಶಾಲೆಗೆ ಹೆಚ್ಚು ಹೊಂದುತ್ತದೆ’ ಎಂದು ನೋಡುತ್ತಿದ್ದರು. ಒಂದೆರಡು ಅಂಶ ಹೊಂದದಿದ್ದರೂ ದರ್ಜೆ ಸಿಗುತ್ತಿತ್ತು. ಈಗ ಒಂದು ದರ್ಜೆ ಸಿಗಬೇಕಾದರೆ ಅದರ ಕೆಳಗೆ ಪಟ್ಟಿ ಮಾಡಿರುವ ಎಲ್ಲ ಅಂಶಗಳೂ ಈಡೇರಿರಬೇಕು. ಜತೆಗೆ ‘ಎಕ್ಸ್‌ಪೆಕ್ಟೆಡ್’ ಎಂಬ ಪದ ಕನ್ನಡದ ಕಿವಿಗೆ ‘ಸಾಧಾರಣ’ ಎಂದು ಕೇಳಿಸುತ್ತದೆ, ನಿಜದಲ್ಲಿ ಅದು ಕಾನೂನು ಮತ್ತು ವೃತ್ತಿಯ ಮಾರ್ಗಸೂಚಿಗಳು ಶಾಲೆಯಿಂದ ನಿರೀಕ್ಷಿಸುವುದೆಲ್ಲವನ್ನೂ ಪೂರೈಸಿದ ಮಟ್ಟ. ಆರರಲ್ಲಿ ನಾಲ್ಕು ಕ್ಷೇತ್ರಗಳಲ್ಲಿ ಅದನ್ನು ಮುಟ್ಟಿ, ಹಾಜರಾತಿಯಲ್ಲಿಯೋ ಇನ್ನೊಂದರಲ್ಲಿಯೋ ಅದನ್ನು ಮೀರಿದ ಶಾಲೆಯನ್ನು ಬಿದ್ದ ಶಾಲೆ ಎಂದು ಯಾರೂ ಕರೆಯುವುದಿಲ್ಲ.

ಆದರೆ ‘ನೀಡ್ಸ್ ಅಟೆನ್ಷನ್’ ಎಂಬುದನ್ನು ಹಗುರವಾಗಿ ಕಾಣಬಾರದು. ಇನ್‌ಕ್ಲೂಷನ್ ಎಂಬ ಕ್ಷೇತ್ರ ಪ್ರತ್ಯೇಕವಾಗಿ ಬಂದದ್ದೇ ಹೊಸ ಪದ್ಧತಿಯಲ್ಲಿ. ವಿಶೇಷ ಶೈಕ್ಷಣಿಕ ಅಗತ್ಯವಿರುವ ಮಕ್ಕಳು, ಬಡ ಕುಟುಂಬಗಳ ಮಕ್ಕಳು, ಸಮಾಜ ಕಲ್ಯಾಣ ವಿಭಾಗದ ಆರೈಕೆಯಲ್ಲಿರುವ ಮಕ್ಕಳು, ಇವರ ತೊಡಕುಗಳನ್ನು ಶಾಲೆ ಎಷ್ಟು ಬೇಗ ಗುರುತಿಸುತ್ತದೆ, ಗುರುತಿಸಿದ ಮೇಲೆ ಏನು ಮಾಡುತ್ತದೆ ಎಂಬುದನ್ನು ಇಲ್ಲಿ ನೋಡುತ್ತಾರೆ. ನಿಮ್ಮ ಮೊದಲ ಎರಡು ಶಾಲೆಗಳಿಗೆ ಈ ಪ್ರಶ್ನೆಯನ್ನು ಇಷ್ಟು ನೇರವಾಗಿ ಯಾರೂ ಕೇಳಿರಲಿಲ್ಲ; ಕೇಳಿದ್ದರೆ ಅವು ಏನೆಂದು ಉತ್ತರಿಸುತ್ತಿದ್ದವೋ ಹೇಳಲಾಗದು. ಮೂರನೆಯ ಶಾಲೆಯ ಕೊರತೆ ಬರಹದಲ್ಲಿದೆ ಎಂಬುದೇ ನಿಮಗೆ ಅನುಕೂಲ.

ಈಗ ಎರಡನೆಯ ಪ್ರಶ್ನೆ: ಆಧಾರ ಯಾವುದು? ಶಾಲೆಗೆ ಸೋಮವಾರ ದೂರವಾಣಿ ಕರೆ ಬರುತ್ತದೆ, ಮರುದಿನವೇ ತಂಡ ಬಾಗಿಲಲ್ಲಿರುತ್ತದೆ. ಪರಿವೀಕ್ಷಣೆ ಸಾಮಾನ್ಯವಾಗಿ ಎರಡು ದಿನ ನಡೆಯುತ್ತದೆ. ತಂಡದ ಬಹಳಷ್ಟು ಸದಸ್ಯರು ಬೇರೆ ಶಾಲೆಗಳಲ್ಲಿ ಇಂದಿಗೂ ಕೆಲಸ ಮಾಡುತ್ತಿರುವ ಮುಖ್ಯೋಪಾಧ್ಯಾಯರು, ಉಪಮುಖ್ಯೋಪಾಧ್ಯಾಯರು. ಅವರು ತರಗತಿಗಳಲ್ಲಿ ಕೂರುತ್ತಾರೆ, ಆದರೆ ಯಾವ ಶಿಕ್ಷಕರಿಗೂ ಯಾವ ಪಾಠಕ್ಕೂ ಅಂಕ ಕೊಡುವುದಿಲ್ಲ. ಬಿಡಿ ಪಾಠಕ್ಕೆ ದರ್ಜೆ ಕೊಡುವ ಪದ್ಧತಿ ಹತ್ತು ವರ್ಷಗಳ ಹಿಂದೆಯೇ ನಿಂತಿತು. ಸಿಬ್ಬಂದಿಯ ಹಿನ್ನೆಲೆ ತಪಾಸಣೆಯ ದಾಖಲೆಯನ್ನು ನೋಡುತ್ತಾರೆ. ಊಟದ ಹಾಲ್‌ನಲ್ಲಿ, ಮೆಟ್ಟಿಲುಗಳ ಬಳಿ, ಶೌಚಾಲಯಗಳ ಆಸುಪಾಸಿನಲ್ಲಿ ನಿಲ್ಲುತ್ತಾರೆ. ಶಿಕ್ಷಕರನ್ನು ಹೊರಗಿಟ್ಟು ಮಕ್ಕಳೊಂದಿಗೆ ಮಾತನಾಡುತ್ತಾರೆ.

ನಾನು ಕೆಲವು ವರ್ಷ ಒಂದು ಸೆಕೆಂಡರಿ ಶಾಲೆಯ ಆಡಳಿತ ಮಂಡಳಿಯಲ್ಲಿ ಪೋಷಕರ ಪ್ರತಿನಿಧಿಯಾಗಿದ್ದೆ. ಆ ಅವಧಿಯಲ್ಲಿ ಹಳೆಯ ಪದ್ಧತಿಯ ಪರಿವೀಕ್ಷಣೆಯೊಂದು ನಡೆಯಿತು. ಆಗ ಭೂಗೋಳದ ಶಿಕ್ಷಕಿಯೊಬ್ಬರು ಹೇಳಿದ ಘಟನೆ ನನಗೆ ವರದಿ ಓದುವುದನ್ನು ಕಲಿಸಿತು. ಪರಿವೀಕ್ಷಕರು ಎಂಟನೇ ವರ್ಷದ ಹುಡುಗನೊಬ್ಬನ ನೋಟ್‌ಬುಕ್ ತೆರೆದರು. ನದಿಯ ತಿರುವಿನ ಚಿತ್ರ, ನೀಲಿ ಕಂದು ಬಣ್ಣ, ಬಾಣದ ಗುರುತುಗಳು, ಕೆಳಗೆ ನಾಲ್ಕು ವಾಕ್ಯ, ಪಕ್ಕದಲ್ಲಿ ಹಸಿರು ಟಿಕ್ಕು. ‘ತಿರುವಿನ ಹೊರದಂಡೆಯೇ ಏಕೆ ಸವೆಯುತ್ತದೆ?’ ಎಂದು ಅವರು ಕೇಳಿದರು. ಹುಡುಗ ಚಿತ್ರವನ್ನು ನೋಡಿದ, ಅವರನ್ನು ನೋಡಿದ, ಸುಮ್ಮನಾದ. ಹೊರಬದಿಯಲ್ಲಿ ನೀರಿನ ವೇಗ ಹೆಚ್ಚು ಎಂದು ಅವನದೇ ಕೈಬರಹ ಎದುರಿಗಿತ್ತು. ಅವರು ಇನ್ನೂ ಮೂರು ನೋಟ್‌ಬುಕ್‌ಗಳನ್ನು ತರಿಸಿದರು. ಮೂರರಲ್ಲೂ ಅದೇ ಚಿತ್ರ, ಅವೇ ನಾಲ್ಕು ವಾಕ್ಯ, ಅಲ್ಪವಿರಾಮ ಸಹಿತ. ಕೆಲವು ವಾರಗಳ ನಂತರ ಪ್ರಕಟವಾದ ವರದಿಯಲ್ಲಿ ಹುಡುಗನೂ ಇರಲಿಲ್ಲ, ನದಿಯೂ ಇರಲಿಲ್ಲ. ಕೆಲವು ವಿಷಯಗಳಲ್ಲಿ ಮಕ್ಕಳು ಕಲಿತದ್ದು ನೆನಪಿನಲ್ಲಿ ಉಳಿದಿದೆಯೇ ಎಂಬುದನ್ನು ಶಿಕ್ಷಕರು ಸಾಕಷ್ಟು ಪರಿಶೀಲಿಸುವುದಿಲ್ಲ ಎಂಬ ಅರ್ಥದ ಒಂದು ಒಣ ವಾಕ್ಯವಿತ್ತು, ಅಷ್ಟೇ.

ಆಡಳಿತ ಮಂಡಳಿಯ ನಮ್ಮನ್ನು ಅವರು ಕೇಳಿದ್ದೂ ಅದೇ ಜಾತಿಯ ಪ್ರಶ್ನೆ. ಬಡ ಕುಟುಂಬಗಳ ಮಕ್ಕಳಿಗಾಗಿ ಸರ್ಕಾರ ಕೊಡುವ ಪ್ಯುಪಿಲ್ ಪ್ರೀಮಿಯಂ ಹಣ ಯಾವುದಕ್ಕೆ ಖರ್ಚಾಯಿತು ಎಂದು ಕೇಳಿದಾಗ ನಾವು ಪಟಪಟನೆ ಉತ್ತರಿಸಿದೆವು. ಅದರಿಂದ ಏನು ಬದಲಾಯಿತು ಎಂದು ಕೇಳಿದಾಗ ಕೋಣೆಯಲ್ಲಿ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಆದ್ದರಿಂದ ಯಾವ ವರದಿಯಲ್ಲಾದರೂ ಶಾಲೆ ಏನನ್ನು ಸುಧಾರಿಸಿಕೊಳ್ಳಬೇಕು ಎಂದು ಹೇಳುವ ಭಾಗವನ್ನು ಎರಡು ಸಲ ಓದಿ. ಹೊಗಳಿಕೆಯ ವಾಕ್ಯಗಳು ಶಾಲೆಯಿಂದ ಶಾಲೆಗೆ ಹೆಚ್ಚು ಬದಲಾಗುವುದಿಲ್ಲ. ಕೊರತೆಯ ವಾಕ್ಯಗಳ ಹಿಂದೆ ಮಾತ್ರ ಯಾವುದೋ ಒಂದು ನೋಟ್‌ಬುಕ್ ಇರುತ್ತದೆ.

ಪರೀಕ್ಷಾ ಫಲಿತಾಂಶಗಳ ಅಂಕಿಅಂಶ ತಂಡದ ಕೈಯಲ್ಲಿ ಮೊದಲೇ ಇರುತ್ತದೆ, ಹೊಸ ಪದ್ಧತಿಯಲ್ಲಿ ‘ಸಾಧನೆ’ ಎಂಬ ಕ್ಷೇತ್ರಕ್ಕೆ ಅದು ಮುಖ್ಯ ಆಧಾರಗಳಲ್ಲಿ ಒಂದು. ಇಲ್ಲಿ ಎರಡು ಅಳತೆಗಳನ್ನು ಬೇರೆಬೇರೆಯಾಗಿ ತಿಳಿಯಬೇಕು. ಅಟೈನ್‌ಮೆಂಟ್ 8 ಎಂಬುದು ಹದಿನಾರನೇ ವಯಸ್ಸಿನಲ್ಲಿ ಬರೆಯುವ ಜಿಸಿಎಸ್‌ಇ ಪರೀಕ್ಷೆಯ ಎಂಟು ವಿಷಯಗಳ ಗ್ರೇಡುಗಳನ್ನು ಕೂಡಿಸಿದ ಮೊತ್ತ; ಗ್ರೇಡುಗಳು 9ರಿಂದ 1ರವರೆಗೆ. ಗಣಿತ ಮತ್ತು ಇಂಗ್ಲಿಷ್‌ಗೆ ಇಮ್ಮಡಿ ತೂಕವಿರುವುದರಿಂದ ಲೆಕ್ಕ ಹತ್ತು ಪಾಲುಗಳದ್ದು. ಪ್ರೋಗ್ರೆಸ್ 8 ಎಂಬುದು ಮಗು ಎಲ್ಲಿಂದ ಹೊರಟು ಎಲ್ಲಿಗೆ ಮುಟ್ಟಿತು ಎಂಬುದನ್ನು ಅಳೆಯುತ್ತದೆ. ಆರನೇ ವರ್ಷದ ಪರೀಕ್ಷೆಯಲ್ಲಿ ಒಂದೇ ಮಟ್ಟದ ಅಂಕ ಪಡೆದಿದ್ದ ಮಕ್ಕಳು ದೇಶದಾದ್ಯಂತ ಸರಾಸರಿ 50 ಅಂಕ ಗಳಿಸಿದರು ಎನ್ನಿ. ಈ ಶಾಲೆಯ ಅಂಥದೇ ಮಗು 55 ಗಳಿಸಿದರೆ ವ್ಯತ್ಯಾಸ 5. ಅದನ್ನು ಹತ್ತರಿಂದ ಭಾಗಿಸಿದರೆ ಆ ಮಗುವಿನ ಪ್ರೋಗ್ರೆಸ್ 8 ಸೊನ್ನೆಗಿಂತ 0.5 ಹೆಚ್ಚು, ಅಂದರೆ ಪ್ರತಿ ಪಾಲಿಗೂ ಅರ್ಧ ಗ್ರೇಡ್ ಮೇಲು. ಎಲ್ಲ ಮಕ್ಕಳ ಸರಾಸರಿಯೇ ಶಾಲೆಯ ಅಂಕ.

ಮೊದಲನೆಯ ಅಳತೆ ಶಾಲೆಗೆ ಎಂಥ ಮಕ್ಕಳು ಬರುತ್ತಾರೆ ಎಂಬುದನ್ನೇ ಬಹುಮಟ್ಟಿಗೆ ಹೇಳುತ್ತದೆ. ಇಂಗ್ಲೆಂಡಿನಲ್ಲಿ ಪ್ರವೇಶ ಪರೀಕ್ಷೆ ಇಟ್ಟು ಮಕ್ಕಳನ್ನು ಆರಿಸಿಕೊಳ್ಳುವ 163 ಗ್ರಾಮರ್ ಶಾಲೆಗಳಿವೆ. ಅವುಗಳ ಅಟೈನ್‌ಮೆಂಟ್ ಹೆಚ್ಚಿರುವುದರಲ್ಲಿ ಆಶ್ಚರ್ಯವೇನಿದೆ? ಅಂಥ ಶಾಲೆಯ ಪಕ್ಕದ ಸಾಮಾನ್ಯ ಶಾಲೆಯ ಅಂಕ ಇಳಿದು ಕಾಣುವುದರಲ್ಲೂ ಅದೇ ಗಣಿತ ಕೆಲಸ ಮಾಡುತ್ತದೆ. ಎರಡನೆಯ ಅಳತೆ ನಿಮಗೆ ಹೆಚ್ಚು ಉಪಯುಕ್ತ, ಆದರೆ ಸದ್ಯಕ್ಕೆ ಅದು ಲಭ್ಯವಿಲ್ಲ. ಕೋವಿಡ್‌ನಿಂದಾಗಿ 2020 ಮತ್ತು 2021ರಲ್ಲಿ ಆರನೇ ವರ್ಷದ ಪರೀಕ್ಷೆಗಳು ನಡೆಯಲಿಲ್ಲ. ಆ ಮಕ್ಕಳು 2025 ಮತ್ತು 2026ರಲ್ಲಿ ಜಿಸಿಎಸ್‌ಇ ಬರೆಯುವಾಗ ಹೋಲಿಸಲು ಹೊರಟ ಜಾಗವೇ ಇಲ್ಲ. ಹೀಗಾಗಿ 2024ರವರೆಗಿನ ಪ್ರೋಗ್ರೆಸ್ 8 ಅಂಕಗಳನ್ನೇ, ಸಾಧ್ಯವಾದರೆ ಎರಡು ಮೂರು ವರ್ಷದ್ದನ್ನು ಒಟ್ಟಿಗೆ, ನೋಡಬೇಕು. ಪ್ರಾಸಂಗಿಕವಾಗಿ, ಆರನೇ ವರ್ಷದ ಪರೀಕ್ಷೆ ಮುಗಿದ ಮೇಲೆ ಹೊರದೇಶದಿಂದ ಬಂದು ಸೇರಿದ ಮಕ್ಕಳು ಈ ಲೆಕ್ಕಕ್ಕೆ ಬರುವುದೇ ಇಲ್ಲ; ನಿಮ್ಮ ಮಗಳು ಅದಕ್ಕೆ ಮೊದಲೇ ಬಂದಿರುವುದರಿಂದ ಬರುತ್ತಾಳೆ.

ಹಾಜರಾತಿಯ ವಿಷಯದಲ್ಲಿ ಒಂದು ಮಾತು. ಶಾಲೆ ನಡೆಯುವ ಹೊತ್ತಿನ ಶೇ. 10ರಷ್ಟನ್ನೋ ಅದಕ್ಕಿಂತ ಹೆಚ್ಚನ್ನೋ ತಪ್ಪಿಸಿಕೊಂಡ ಮಗುವನ್ನು ನಿರಂತರ ಗೈರುಹಾಜರಿಯ ಪಟ್ಟಿಗೆ ಸೇರಿಸುತ್ತಾರೆ. ವರ್ಷದ 190 ದಿನಗಳಲ್ಲಿ ಅದು 19 ದಿನ. ಟರ್ಮ್ ನಡುವೆ ಎರಡು ವಾರ ಊರಿಗೆ ಹೋಗಿಬಂದರೆ ಅರ್ಧಕ್ಕಿಂತ ಹೆಚ್ಚು ಅಲ್ಲಿಗೇ ಮುಗಿಯಿತು, ಉಳಿದದ್ದಕ್ಕೆ ಒಂದು ಜ್ವರ ಸಾಕು. ಶಾಲೆಯವರು ರಜೆಯ ವಿಷಯದಲ್ಲಿ ಅಷ್ಟು ಬಿಗಿಯಾಗಿರುವುದಕ್ಕೆ ಇದೂ ಒಂದು ಕಾರಣ.

ಇಷ್ಟೆಲ್ಲ ಆದ ಮೇಲೂ ದರ್ಜೆ ನಿಮ್ಮ ಮಗಳ ಬಗ್ಗೆ ಎಷ್ಟು ಹೇಳುತ್ತದೆ? ಅವಳಿ ಮಕ್ಕಳನ್ನು ಎಳವೆಯಿಂದ ಅನುಸರಿಸುತ್ತಿರುವ ದೀರ್ಘ ಅಧ್ಯಯನವೊಂದರ ಮಾಹಿತಿ ಬಳಸಿ 2020ರಲ್ಲಿ ಪ್ರಕಟವಾದ ಸಂಶೋಧನೆಯ ಪ್ರಕಾರ, ಹದಿನಾರನೇ ವಯಸ್ಸಿನ ಪರೀಕ್ಷಾ ಫಲಿತಾಂಶದಲ್ಲಿ ಮಕ್ಕಳ ನಡುವೆ ಕಾಣುವ ವ್ಯತ್ಯಾಸದ ಸುಮಾರು ಶೇ. 4ರಷ್ಟನ್ನು ಮಾತ್ರ ಶಾಲೆಯ ಆಫ್‌ಸ್ಟೆಡ್ ದರ್ಜೆ ವಿವರಿಸುತ್ತದೆ. ಮಕ್ಕಳ ಹಿಂದಿನ ಕಲಿಕೆಯನ್ನೂ ಮನೆಯ ಆರ್ಥಿಕ ಸ್ಥಿತಿಯನ್ನೂ ಲೆಕ್ಕಕ್ಕೆ ತೆಗೆದುಕೊಂಡಾಗ ಅದು ಶೇ. 1ರ ಆಸುಪಾಸಿಗೆ ಇಳಿಯುತ್ತದೆ. ಇದರಿಂದ ಪರಿವೀಕ್ಷಣೆ ವ್ಯರ್ಥ ಎಂದಾಗುವುದಿಲ್ಲ. ಸುರಕ್ಷತೆಯಲ್ಲಿ ಎಡವಿದ ಶಾಲೆಯನ್ನು ಹಿಡಿಯಲು ಬೇರೆ ಉಪಾಯ ಕಡಿಮೆ. ಆದರೆ ಒಂದು ದರ್ಜೆ ಮೇಲಿನ ಶಾಲೆಗಾಗಿ ಮನೆ ಬದಲಿಸುವವರು ಈ ಸಂಖ್ಯೆಯನ್ನೂ ಒಮ್ಮೆ ನೋಡುವುದು ಒಳ್ಳೆಯದು.

ವರದಿ ಹುಡುಕುವಾಗ ಆಗುವ ಒಂದು ಪ್ರಮಾದವನ್ನೂ ಹೇಳಿಬಿಡುತ್ತೇನೆ. ಶಾಲೆಯೊಂದು ಅಕಾಡೆಮಿಯಾಗಿ, ಅಂದರೆ ಸ್ಥಳೀಯ ಆಡಳಿತದ ಬದಲು ಟ್ರಸ್ಟ್ ನಡೆಸುವ ಸರ್ಕಾರಿ ಅನುದಾನದ ಶಾಲೆಯಾಗಿ, ಪರಿವರ್ತನೆಯಾದಾಗ ಕಾನೂನಿನ ದೃಷ್ಟಿಯಲ್ಲಿ ಹೊಸ ಶಾಲೆಯಾಗುತ್ತದೆ, ಅದಕ್ಕೆ ಹೊಸ ನೋಂದಣಿ ಸಂಖ್ಯೆ ಬರುತ್ತದೆ. ಕಟ್ಟಡ, ಶಿಕ್ಷಕರು, ಮಕ್ಕಳು ಎಲ್ಲ ಅವರೇ ಆದರೂ ಹಳೆಯ ವರದಿಗಳು ಹಳೆಯ ಸಂಖ್ಯೆಯ ಕೆಳಗೇ ಉಳಿಯುತ್ತವೆ. ‘ಇನ್ನೂ ಪರಿವೀಕ್ಷಣೆಯಾಗಿಲ್ಲ’ ಎಂದು ಕಂಡರೆ ಅಲ್ಲಿಗೇ ನಿಲ್ಲದೆ, ಮೊದಲು ಆ ಜಾಗದಲ್ಲಿ ಯಾವ ಹೆಸರಿನ ಶಾಲೆಯಿತ್ತು ಎಂದು ಹುಡುಕಿ.

ನಿಮ್ಮ ಜಾಗದಲ್ಲಿ ನಾನಿದ್ದರೆ ಅರ್ಜಿಯ ಕೊನೆಯ ದಿನವಾದ ಅಕ್ಟೋಬರ್ 31ಕ್ಕೆ ಮೊದಲು, ಸೆಪ್ಟೆಂಬರ್‌ನಿಂದಲೇ ನಡೆಯುವ ಓಪನ್ ಈವ್ನಿಂಗ್‌ಗಳಿಗೆ ಮೂರೂ ಶಾಲೆಗಳಿಗೆ ಹೋಗುತ್ತಿದ್ದೆ. ಮೊದಲನೆಯದರಲ್ಲಿ, 2022ರ ನಂತರ ಎಷ್ಟು ಹಿರಿಯ ಶಿಕ್ಷಕರು ಬಿಟ್ಟುಹೋದರು, ಮುಖ್ಯೋಪಾಧ್ಯಾಯರು ಅವರೇ ಇದ್ದಾರೆಯೇ ಎಂದು ಕೇಳುತ್ತಿದ್ದೆ. ಎರಡನೆಯದರಲ್ಲಿ, ವರದಿ ಸುಧಾರಿಸಬೇಕೆಂದ ವಿಷಯದ ಶಿಕ್ಷಕರನ್ನೇ ಹುಡುಕಿ ಮಾತಾಡಿಸುತ್ತಿದ್ದೆ. ಮೂರನೆಯದರಲ್ಲಿ, ಇನ್‌ಕ್ಲೂಷನ್‌ಗೆ ಬಂದ ದರ್ಜೆಯ ಕಾರಣವೇನು, ಜನವರಿಯ ನಂತರ ಏನು ಮಾಡಿದ್ದೀರಿ ಎಂದು ನೇರವಾಗಿ ಕೇಳಿ, ಉತ್ತರ ಮುಖ್ಯೋಪಾಧ್ಯಾಯರ ಭಾಷಣದಿಂದ ಬರುತ್ತದೆಯೋ ವಿಶೇಷ ಅಗತ್ಯಗಳ ಸಂಯೋಜಕರ ಬಾಯಿಂದ, ಮಕ್ಕಳ ಸಂಖ್ಯೆ ಮತ್ತು ತಿಂಗಳುಗಳ ಸಮೇತ ಬರುತ್ತದೆಯೋ ಗಮನಿಸುತ್ತಿದ್ದೆ. ನಡುವೆ ದಾರಿ ತೋರಿಸಲು ನಿಂತ ಏಳನೇ ವರ್ಷದ ಮಗುವನ್ನು ಒಂದು ಬದಿಗೆ ಕರೆದು, ಈ ವಾರ ಯಾವ ಪಾಠ ನಡೆಯಿತು, ಅದರಲ್ಲಿ ಏನಿತ್ತು ಎಂದು ಕೇಳಲು ಮರೆಯಬೇಡಿ.